ಲಂಕೆಯ ಸಮುದ್ರಕ್ಕೊಂದು ತೂಬು

"ಈ ಕಲ್ಲಿಗೆ ಮನುಷ್ಯರ ಉಳಿ ತಾಗಿಲ್ಲ. ದ್ವೀಪ ಹುಟ್ಟಿದ ದಿನ ಸಮುದ್ರವೇ ಇದನ್ನು ದಡಕ್ಕೆ ತಂದಿಟ್ಟಿತು," ಎಂದು ಆ ಗೈಡು ಭಕ್ತಿಯಿಂದ ಹೇಳಿದಾಗ ನಮ್ಮ ಗುಂಪಿನವರೆಲ್ಲ ಕೆನ್ನೆ ತಟ್ಟಿಕೊಂಡರು. ನಾನು ತಟ್ಟಿಕೊಳ್ಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸಮುದ್ರ ತಂದಿಟ್ಟಿತಂತೆ! ಶಿವಾರಪಟ್ಟಣದಿಂದ ಮಾಲೂರು ಸ್ಟೇಷನ್ನಿನವರೆಗೆ ಅದನ್ನು ತಂದದ್ದು ಎರಡು ಜೋಡಿ ಎತ್ತು. ಹೊರಡುವ ಮುಂಚೆ ಆ ಎತ್ತುಗಳಿಗೆ ನೀರು ಕುಡಿಸಿದವಳು ನಾನು.

ಇದು ನಡೆದದ್ದು ಕಳೆದ ಮಾಘದಲ್ಲಿ. ನನ್ನ ಮಗಳು ಶಾರದೆ ಕೋಲಾರದಲ್ಲಿ ಸ್ಕೂಲ್ ಮೇಡಂ. ರಾಮೇಶ್ವರದಿಂದ ಹಡಗು ಹತ್ತಿಸಿ ಸಿಂಹಳದ್ವೀಪ ತೋರಿಸುವ ಯಾತ್ರೆಗೆ ಹೆಸರು ಕೊಟ್ಟವಳು, ಒಲ್ಲೆ ಎಂದ ನನ್ನನ್ನೂ ಬಿಡದೆ ಕರೆದುಕೊಂಡು ಹೋದಳು. ದ್ವೀಪ ಚೆಲುವಾದದ್ದು. ಅದನ್ನು ಇಲ್ಲವೆನ್ನುವಷ್ಟು ಹೊಟ್ಟೆಕಿಚ್ಚು ನನಗಿಲ್ಲ. ಸಮುದ್ರ ದಡದಲ್ಲಿ ಹಸಿರು, ಆಚೆ ನೀಲಿ, ಇನ್ನೂ ಆಚೆ ಕಪ್ಪು. ತೆಂಗಿನ ಮರಗಳೆಲ್ಲ ನೀರಿನ ಕಡೆಗೇ ಬಾಗಿಕೊಂಡಿವೆ. ಬಿಸಿಲು ಇರುವಾಗಲೇ ಒಂದು ಮಳೆ ಬಂದು ಹೋಗುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಮನೆಮನೆಯ ಬೇಲಿಯಲ್ಲಿ ದಾಲ್ಚಿನ್ನಿ ಗಿಡ. ಮಣ್ಣು ನಮ್ಮ ಕಡೆಯದರಂತೆಯೇ ಕೆಂಪು. ಆದರೆ ನಮ್ಮ ಮಣ್ಣು ವರ್ಷವಿಡೀ ಮುಗಿಲು ನೋಡುತ್ತ ಕೂತಿರುತ್ತದೆ, ಅಲ್ಲಿಯ ಮಣ್ಣಿಗೆ ಕಾಯುವುದೆಂದರೇನೆಂದೇ ಗೊತ್ತಿಲ್ಲ. ದೇವರು ಹಂಚುವಾಗ ಕೋಲಾರದ ಕಡೆ ಬೆನ್ನು ಹಾಕಿ ನಿಂತಿದ್ದನೆಂದು ನನಗೆ ಅಲ್ಲಿಯೂ ಸಿಟ್ಟು ಬಂತು.

ದಡದ ಗುಡ್ಡದ ಮೇಲೆ ಒಂದು ದೇವಸ್ಥಾನ. ಅದರ ಹೆಸರು ಬೇಡ. ಒಳಗಿನ ಮಂಟಪಕ್ಕೆ ಕಾಲಿಟ್ಟ ಕೂಡಲೇ ಒದ್ದೆ ಕೃಷ್ಣಶಿಲೆಯ ವಾಸನೆ ಬಂತು. ನೀರು ಹಾಕಿ ಉಜ್ಜಿದ ಕಲ್ಲಿಗೆ ಒಂದು ವಾಸನೆ ಇರುತ್ತದೆ, ಮೊದಲ ಮಳೆಗೆ ನೆನೆದ ಗೋಡೆಯ ಹಾಗೆ. ಕಲ್ಲುಕೆಲಸದ ಮನೆಯಲ್ಲಿ ಬಾಳಿದವರು ಅದನ್ನು ಮರೆಯುವುದಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ಎದುರಿಗೆ ಎದೆಮಟ್ಟದ ಒಂದು ಚಪ್ಪಡಿ ಕಂಡಿತು. ಮೇಲೆ ಹೆಡೆ ಬಿಚ್ಚಿದ ಆದಿಶೇಷ, ಪಕ್ಕದಲ್ಲಿ ಕೆನ್ನೆ ಉಬ್ಬಿಸಿಕೊಂಡ ವಾಯುದೇವರು, ನಡುವೆ ಹಾರಿ ಬೀಳುತ್ತಿರುವ ಮೂರು ಶಿಖರದ ಬೆಟ್ಟ, ಕೆಳಗೆಲ್ಲ ನೀರು. ನೀರಿನ ಬಲ ಮೂಲೆಯಲ್ಲಿ ಎರಡು ಕಂಬ, ಅವಕ್ಕೆ ಅಡ್ಡಪಟ್ಟಿ.

"ಅದು ಲಂಕೆಯ ಹೆಬ್ಬಾಗಿಲು," ಎಂದ ಗೈಡು. "ಮುಳುಗಿಹೋದ ಪಟ್ಟಣದ್ದು."

ಹೆಬ್ಬಾಗಿಲೂ ಅಲ್ಲ, ಅವನ ತಲೆಯೂ ಅಲ್ಲ. ಅದು ತೂಬು. ನಮ್ಮ ಕೆರೆಗಳಲ್ಲಿ ಏರಿಯ ಹತ್ತಿರ ನೀರೊಳಗೆ ಎರಡು ಕಲ್ಲುಕಂಬ ನಿಂತಿರುತ್ತವಲ್ಲ, ನಡುವಿನ ಗೂಟ ಎತ್ತಿದರೆ ಗದ್ದೆಗೆ ನೀರು ಹರಿಯುತ್ತದಲ್ಲ, ಆ ತೂಬು. ಸಮುದ್ರಕ್ಕೆ ತೂಬು ಇಡುವ ತಪ್ಪನ್ನು ಈ ಭೂಮಿಯ ಮೇಲೆ ಕೋಲಾರ ಸೀಮೆಯವರು ಬಿಟ್ಟರೆ ಇನ್ನು ಯಾರೂ ಮಾಡಲಾರರು. ಆ ತಪ್ಪು ಮಾಡಿದವಳು ನಮ್ಮ ಕಾಳತ್ತೆ.

ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅದು. ನನಗೆ ಹದಿನೇಳು. ಅದರ ಹಿಂದಿನ ಬೇಸಿಗೆಯಲ್ಲಷ್ಟೇ ನಾನು ಗೌನಿಪಲ್ಲಿಯಿಂದ ಶಿವಾರಪಟ್ಟಣಕ್ಕೆ ಸೊಸೆಯಾಗಿ ಬಂದಿದ್ದೆ. ನಮ್ಮಪ್ಪ ಮರದ ಕೆಲಸದವರು, ಮನೆಮಾತು ತೆಲುಗು, ಹಿತ್ತಲಿಗೆ ಕಾಲಿಟ್ಟರೆ ಮಾವಿನ ತೋಪು. ಅಂಥಲ್ಲಿಂದ ಬಂದವಳಿಗೆ ಬೆಳಗಾದರೆ ಎಲ್ಲ ಅಂಗಳದಿಂದಲೂ ಟಕಟಕ ಎನ್ನುವ ಈ ಊರು ತಲೆನೋವಾಗಿತ್ತು. ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ಮಾವ ಹೆಸರಾಂತ ಶಿಲ್ಪಿ. ನನ್ನ ಗಂಡ ಅವರ ಒಬ್ಬನೇ ಮಗ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಮನೆ ನಡೆಸುತ್ತಿದ್ದವಳು ಮಾವನ ಅಕ್ಕ ಕಾಳಮ್ಮ. ನನ್ನ ಗಂಡ ಕಾಳತ್ತೆ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮೂವತ್ತು ವರ್ಷದಿಂದ ಅಲ್ಲೇ ಇದ್ದಳು. ಅವಳು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಲೇ ಗೌನಿಪಲ್ಲಿ" ಎಂದೇ ಕರೆಯುತ್ತಿದ್ದಳು.

ಆ ಊರಿನಲ್ಲಿ ಹೆಂಗಸರು ಉಳಿ ಹಿಡಿಯಬಾರದು. ಯಾಕೆ ಎಂದು ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಾರೆ. ಆದರೆ ಉಜ್ಜಬಹುದು. ಗಂಡಸರು ಕೆತ್ತಿ ಎದ್ದುಹೋದ ಮೇಲೆ ಮರಳು ಹಾಕಿ, ನೀರು ಹಾಕಿ, ಕಲ್ಲಿನಿಂದ ಕಲ್ಲನ್ನು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡುವುದು ಹೆಂಗಸರ ಪಾಲು. ಜನ ಅಡ್ಡಬೀಳುವ ಆ ಹೊಳಪೆಲ್ಲ ಹೆಂಗಸರ ಅಂಗೈಯಿಂದ ಹೋದದ್ದು. ಕಾಳತ್ತೆಯ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಒಮ್ಮೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಬಂದ ಶಾನುಭೋಗರು, "ಇದೇನಮ್ಮ, ಬರೀ ಮಸಿ ಬೀಳ್ತದೆ," ಎಂದು ಮೂರು ಸಲ ಒತ್ತಿಸಿ ಬೇಸತ್ತು ಎದ್ದುಹೋಗಿದ್ದರಂತೆ. ಇದನ್ನು ಅವಳು ನಗುತ್ತ ಹೇಳುತ್ತಿದ್ದಳು. ನನಗೆ ಆಗಲೂ ನಗು ಬರಲಿಲ್ಲ.

ಆಷಾಢದಲ್ಲಿ ಲಂಕೆಯವರು ಬಂದರು. ದ್ವೀಪದಲ್ಲಿ ಲವಂಗ, ದಾಲ್ಚಿನ್ನಿಯ ವ್ಯಾಪಾರ ಮಾಡುತ್ತಿದ್ದ ಒಬ್ಬ ದೊಡ್ಡ ಮನುಷ್ಯರು. ತಮಿಳಿನವರು, ಹರಕು ಮುರುಕು ಕನ್ನಡ ಆಡುತ್ತಿದ್ದರು. ಅವರ ಊರಿನ ದೇವಸ್ಥಾನಕ್ಕೆ ದ್ವೀಪ ಹುಟ್ಟಿದ ಕತೆಯನ್ನು ಒಂದೇ ಕಲ್ಲಿನಲ್ಲಿ ಕೆತ್ತಿಸಬೇಕಾಗಿತ್ತು. ಮಾವನಿಗೆ ಕತೆ ಗೊತ್ತಾಗಲೆಂದು ಜಗಲಿಯಲ್ಲಿ ಕೂತು ಹೇಳಿದರು. ವಾಯುದೇವರಿಗೂ ಆದಿಶೇಷನಿಗೂ ಯಾರು ಹೆಚ್ಚು ಎಂದು ಜಗಳ ಬಂತು. ಶೇಷ ಮೇರುಪರ್ವತವನ್ನು ಸುತ್ತಿಕೊಂಡು, ಅದರ ಶಿಖರಗಳನ್ನೆಲ್ಲ ಹೆಡೆಗಳಿಂದ ಮುಚ್ಚಿ ಹಿಡಿದ. ವಾಯು ಬೀಸಿದ, ಬೀಸಿದ, ಲೋಕವೆಲ್ಲ ನಡುಗಿತು. ದೇವತೆಗಳು ಬೇಡಿಕೊಂಡ ಮೇಲೆ ಶೇಷ ಒಂದು ಹೆಡೆ ತುಸು ಎತ್ತಿದ. ಅಷ್ಟು ಸಂದಿನಲ್ಲಿ ಗಾಳಿ ನುಗ್ಗಿ ಮೂರು ಶಿಖರದ ಒಂದು ತುಂಡು ಹಾರಿ ದಕ್ಷಿಣದ ಸಮುದ್ರಕ್ಕೆ ಬಿತ್ತು. ಅದೇ ನಮ್ಮ ದ್ವೀಪ, ಎಂದರು.

ಬಾಗಿಲ ಹಿಂದೆ ನಿಂತಿದ್ದ ಕಾಳತ್ತೆ ಮೆಲ್ಲಗೆ ಹೇಳುವುದನ್ನು ಕಲಿತವಳೇ ಅಲ್ಲ. "ಲೇ ಗೌನಿಪಲ್ಲಿ, ಇದು ನಮ್ಮ ತಿರುಪತಿ ಬೆಟ್ಟದ ಕತೆ ಅಲ್ವೇನೇ? ಶೇಷ ಹೆಡೆ ಎತ್ತಿದ್ದು, ಚೂರು ಹಾರಿದ್ದು, ಎಲ್ಲಾ ಅದೇ. ಇವರೂರಿಗೆ ಯಾವಾಗ ಹೋಯ್ತು?"

ಮಾವ ಕೆಮ್ಮಿದರು. ಲಂಕೆಯವರು ನಕ್ಕರು. "ಗಾಳಿ ಬೀಸಿದ್ದು ಒಂದೇ ಸಲ ಅಂತ ಯಾರು ಹೇಳಿದ್ದು ಅಮ್ಮಾ? ಒಂದು ಚೂರು ನಿಮಗೆ, ಒಂದು ಚೂರು ನಮಗೆ."

ಆಮೇಲೆ ಅವರು ತಮ್ಮ ದ್ವೀಪದ ಸೊಬಗನ್ನು ಬಣ್ಣಿಸಿದರು. ಎರಡೆರಡು ಮಳೆಗಾಲ, ಮರದ ಮೇಲೆ ಮರ ಹಬ್ಬಿದ ಕಾಡು, ಕೊಳಗಳಲ್ಲಿ ಮೀಯುವ ಆನೆಗಳು, ಸಂಜೆ ಸಮುದ್ರದ ಮೇಲಿಂದ ಬರುವ ಲವಂಗದ ಗಾಳಿ. "ನಮ್ಮೂರಲ್ಲಿ ಕಣ್ಣಿಗೆ ಹಸಿವೇ ಆಗೋದಿಲ್ಲ ಆಚಾರೀ," ಎಂದರು. ಅವರು ಹೋದ ಮೇಲೆ ಕಾಳತ್ತೆ ಮುದ್ದೆ ತಿರುವುತ್ತ ಹೇಳಿದಳು: "ಅಷ್ಟು ಚೆಂದದ ಊರಲ್ಲಿ ನಮ್ಮ ಸೀತಮ್ಮ ಒಂದು ಹೂ ಮುಡಿಲಿಲ್ಲ ಕಣೇ. ಅಷ್ಟು ಪಾಡುಪಟ್ಟು ಬಂದವಳನ್ನ ಮನೆಯಿಂದ ಆಚೆ ಹಾಕಿದ್ರು. ಕೊನೆಗೆ ಜಾಗ ಕೊಟ್ಟಿದ್ದು ನಮ್ಮ ಆವಣಿ ಬಂಡೆ." ಮುಳಬಾಗಿಲ ಹತ್ತಿರದ ಆವಣಿ ಬೆಟ್ಟದಲ್ಲೇ ಸೀತೆ ಹೆತ್ತಳು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ವರ್ಷ ನನ್ನ ಗಂಡ ಅಲ್ಲೇ ಮೆಟ್ಟಿಲು ಕೆಲಸಕ್ಕೆ ಹೋಗಿದ್ದರು, ಕಾರ್ತೀಕ ಮುಗಿಯುವವರೆಗೆ ಬರುವ ಹಾಗಿರಲಿಲ್ಲ.

ಮಾವ ಕೆಲಸ ಹಿಡಿದರು. ಆದಿಶೇಷನ ಹೆಡೆ, ವಾಯುವಿನ ಕೆನ್ನೆ, ಬೆಟ್ಟ, ಎಲ್ಲವೂ ಅವರದೇ. ಅದರಲ್ಲಿ ಮಾತಿಲ್ಲ, ಕೈ ಇದ್ದ ಮನುಷ್ಯ. ಉಳಿದದ್ದು ಕೆಳಗಿನ ಸಮುದ್ರ. ಮಾವನೂ ಸಮುದ್ರ ನೋಡಿದವರಲ್ಲ, ನಮ್ಮ ಊರಿನಲ್ಲಿ ಯಾರೂ ನೋಡಿದವರಲ್ಲ. ನಾಲ್ಕು ಸುರುಳಿ ಗೆರೆ, ಎರಡು ಮೀನು ಹಾಕಿದರಾಯಿತು ಎಂದಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ಅಂಥ ಮಳೆಯನ್ನು ಆ ಸೀಮೆ ಬಹಳ ವರ್ಷದಿಂದ ಕಂಡಿರಲಿಲ್ಲ. ಭಾದ್ರಪದ ಮುಗಿಯುವ ಹೊತ್ತಿಗೆ ಕೆರೆ ತುಂಬಿ ಕೋಡಿ ಬಿತ್ತು, ಊರಿಗೆ ಊರೇ ಹೋಗಿ ನೋಡಿ ಬಂತು. ಮಳೆಯ ಹಿಂದೆಯೇ ಚಳಿಜ್ವರ ಬಂತು. ಮೂರನೇ ಮನೆಯವರು ಮಲಗಿದರು, ಆಮೇಲೆ ಎದುರುಮನೆಯವರು, ಆಮೇಲೆ ಮಾವ. ನಡುಮನೆಯಲ್ಲಿ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತ ಮಲಗಿದವರು ಒಂದು ತಿಂಗಳು ಏಳಲಿಲ್ಲ. ಕಾರ್ತೀಕದಲ್ಲಿ ಕಲ್ಲನ್ನು ಒಯ್ಯಲು ಲಂಕೆಯವರು ಬರುವವರಿದ್ದರು. ಹಡಗಿಗೆ ಹೇಳಿಟ್ಟಾಗಿತ್ತು, ಅಲ್ಲಿ ಪ್ರತಿಷ್ಠೆಗೆ ದಿನ ಇಟ್ಟಾಗಿತ್ತು.

ಕಾಳತ್ತೆ ಒಂದು ವಾರ ಬಟ್ಟೆಗಂಟು ಹೊತ್ತುಕೊಂಡು ಕೆರೆಗೆ ಹೋದಳು. ಒಗೆಯುವುದಕ್ಕಿಂತ ಏರಿಯ ಮೇಲೆ ಕೂತದ್ದೇ ಹೆಚ್ಚು. ನಾನು ಹುಡುಕಿಕೊಂಡು ಹೋದರೆ ಕೈ ಹಿಡಿದು ಕೂರಿಸಿಕೊಂಡಳು. "ನೋಡೇ, ಗಾಳಿ ಬಂದ್ರೆ ನೀರು ಮೊದಲು ಸಣ್ಣಗೆ ನಡುಗ್ತದೆ. ಆಮೇಲೆ ಒಂದರ ಬೆನ್ನ ಮೇಲೆ ಒಂದು ಹತ್ಕೊಳ್ತದೆ. ಏರಿಗೆ ಬಂದು ತಲೆ ಬಗ್ಗಿಸ್ತದೆ. ಎಲ್ಲೂ ಸುರುಳಿ ಇಲ್ಲ ಕಣೇ! ಇವರೆಲ್ಲ ಇಷ್ಟು ವರ್ಷ ಯಾವ ನೀರು ನೋಡಿ ಕೆತ್ತಿದ್ರು?"

ಮಾರನೆಯ ದಿನ ಮಧ್ಯಾಹ್ನ, ಮಾವನಿಗೆ ಗಂಜಿ ಕುಡಿಸಿ ಬಂದವಳು ಹಿತ್ತಲಿನ ಚಪ್ಪರಕ್ಕೆ ಹೋಗಿ ಅವರ ಸಣ್ಣ ಉಳಿಗಳನ್ನು ತೆಗೆದಳು. ನಾನು ಓಡಿಹೋಗಿ ಅವಳ ಕೈ ಹಿಡಿದೆ. "ಅತ್ತೆ, ಬೇಡ. ಅಕ್ಕಪಕ್ಕದವರು ಕೇಳಿಸ್ಕೊಂಡ್ರೆ?"

"ಅದಕ್ಕೇ ನೀನಿರೋದು. ಒನಕೆ ತಗೋ. ನಾನು ಹೊಡೆದಾಗ ನೀನು ಕುಟ್ಟು."

ಹಾಗೆ ಇಪ್ಪತ್ತು ದಿನ ನಾನು ಕುಟ್ಟಿದೆ. ಚಪ್ಪರದ ಪಕ್ಕದಲ್ಲೇ ಒರಳು. ಅವಳ ಸುತ್ತಿಗೆ ಏಳುವುದನ್ನು ನೋಡಿಕೊಂಡು ನನ್ನ ಒನಕೆ ಏಳುತ್ತಿತ್ತು, ಎರಡೂ ಒಟ್ಟಿಗೇ ಬೀಳುತ್ತಿದ್ದವು. ಭತ್ತ ಮುಗಿಯಿತು, ನವಣೆ ಮುಗಿಯಿತು, ಮೆಣಸಿನಕಾಯಿ ಮುಗಿಯಿತು. ಕೊನೆಗೆ ಬರೀ ಹೊಟ್ಟು ಕುಟ್ಟಿದೆ. "ಈ ಆಚಾರಿ ಮನೇಲಿ ಏನು, ಮದುವೇನಾ?" ಎಂದು ಪಕ್ಕದ ಮನೆಯವಳು ಬೇಲಿಯ ಮೇಲಿಂದ ಕೇಳಿದಳು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಕಾಳತ್ತೆ ಮಾತ್ರ ತಲೆ ಎತ್ತುತ್ತಿರಲಿಲ್ಲ. ಸಂಜೆ ಉಜ್ಜುವ ಮರಳನ್ನು ಎಲ್ಲದರ ಮೇಲೆ ಹರಡಿ, ಉಳಿಗಳನ್ನು ಒರೆಸಿ ಮೊದಲಿನ ಜಾಗದಲ್ಲೇ ಇಟ್ಟು, ಏನೂ ಆಗದವಳಂತೆ ಒಲೆ ಮುಂದೆ ಕೂರುತ್ತಿದ್ದಳು.

ಆ ನೀರು ದಿನದಿನಕ್ಕೆ ಕಲ್ಲಿನಿಂದ ಎದ್ದು ಬಂತು. ಗಾಳಿಗೆ ಬಾಗಿದ ರಾಗಿ ಹೊಲದ ಹಾಗೆ ಒಂದೇ ಕಡೆಗೆ ಓಡುವ ಸಣ್ಣ ಸಣ್ಣ ಅಲೆಗಳು. ನಡುವೆ ನಮ್ಮ ಕೆರೆಯ ಕೊರವ ಮೀನು, ಒಂದು ಏಡಿ, ಒಂಟಿ ಕಾಲಲ್ಲಿ ನಿಂತ ಒಂದು ಕೊಕ್ಕರೆ. ಮೇಲಿಂದ ಬೆಟ್ಟ ಬೀಳುತ್ತಿರುವ ಜಾಗದಲ್ಲಿ ಮಾತ್ರ ಅಲೆಗಳೆಲ್ಲ ಹಿಂದಕ್ಕೆ ಸರಿದು ದಾರಿ ಬಿಟ್ಟಂತೆ ಇತ್ತು. ನಾನು ಅಷ್ಟರಲ್ಲಿ ಕಲ್ಲುಕೆಲಸ ಸಾಕಷ್ಟು ನೋಡಿದ್ದೆ. ಅಂಥ ನೀರನ್ನು ಎಲ್ಲೂ ನೋಡಿರಲಿಲ್ಲ. ಕೊನೆಯ ದಿನಗಳಲ್ಲಿ ಅವಳು ಬಲ ಮೂಲೆಯಲ್ಲಿ ಎರಡು ಕಂಬ ಎಬ್ಬಿಸತೊಡಗಿದಳು.

"ಇದೇನತ್ತೆ?"

"ತೂಬು ಕಣೇ. ಇಷ್ಟು ನೀರು ಇಟ್ಟ ದೇವರು ತೂಬು ಇಡದೆ ಇರ್ತಾನಾ? ಇಲ್ದಿದ್ರೆ ಅವರ ಗದ್ದೆಗೆ ನೀರು ಹೆಂಗೆ ಹೋಗ್ಬೇಕು?"

ನನಗೂ ಅದು ಸರಿಯೆಂದೇ ಕಂಡಿತು. ಗೌನಿಪಲ್ಲಿಯಲ್ಲಿ, ಶ್ರೀನಿವಾಸಪುರದಲ್ಲಿ ನಾನು ಕಂಡ ನೀರಿಗೆಲ್ಲ ಏರಿ ಇತ್ತು, ತೂಬು ಇತ್ತು, ತೂಬು ಎತ್ತಲು ಒಬ್ಬ ನೀರಗಂಟಿ ಇದ್ದ. ಸಮುದ್ರ ದೊಡ್ಡದು ಎಂದರೆ ತೂಬೂ ದೊಡ್ಡದಿರಬೇಕು ಎಂದು ನಾನೇ ಹೇಳಿದೆ. ಅವಳು ಕಂಬಗಳನ್ನು ಇನ್ನೊಂದು ಬೆರಳು ಎತ್ತರ ಮಾಡಿದಳು.

ಆ ದಿನವೇ ಅದು ನಡೆದದ್ದು. ಬೊಬ್ಬೆಯ ನೋವಿಗೆ ನಾನು ಒನಕೆ ಇಳಿಸಿ ಕೈಗೆ ಊದಿಕೊಳ್ಳುತ್ತಿದ್ದೆ. ಕಾಳತ್ತೆ ಅದನ್ನು ನೋಡದೆ ಕೆತ್ತುತ್ತಲೇ ಇದ್ದಳು. ಬರೀ ಉಳಿಯ ಸದ್ದು, ಟಕ್ ಟಕ್ ಎಂದು ಇಡೀ ಹಿತ್ತಲಿಗೆ. ನಡುಮನೆಯಿಂದ ಮಾವನ ದನಿ ಬಂತು.

"ಏನಮ್ಮಾ, ಒನಕೆ ಯಾಕೆ ನಿಂತೋಯ್ತು? ಕುಟ್ತಾ ಇರು."

ಕಾಳತ್ತೆಯ ಕೈ ಅಲ್ಲೇ ನಿಂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಲ್ಲನ್ನು ತಟ್ಟಿ, ಅದರ ದನಿ ಕೇಳಿಯೇ ಗಂಡುಕಲ್ಲೋ ಹೆಣ್ಣುಕಲ್ಲೋ ಹೇಳುವ ಮನುಷ್ಯ. ಬೀದಿಯ ಆ ತುದಿಯಲ್ಲಿ ಯಾರ ಕೈಯಲ್ಲಿ ಯಾವ ಉಳಿ ಇದೆಯೆಂದು ಮಲಗಿದಲ್ಲಿಂದಲೇ ಹೇಳುವ ಮನುಷ್ಯ. ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಆಗ ನಾನು ಅದನ್ನು ದೊಡ್ಡತನ ಎಂದುಕೊಂಡೆ. ಎಂಥ ದಡ್ಡಿ! ಅವರಿಗೆ ಕೆಲಸ ಮುಗಿಯಬೇಕಾಗಿತ್ತು, ಊರಿಗೆ ಕೇಳಿಸಬಾರದಾಗಿತ್ತು, ಅಷ್ಟೇ.

ಕಾಳತ್ತೆಯೂ ಅದನ್ನು ಒಪ್ಪಿಗೆ ಎಂದೇ ತಿಳಿದಳು. ಅವತ್ತು ಸಂಜೆ ಅವಳ ಮುಖ ನೋಡಬೇಕಿತ್ತು. "ಗೊತ್ತಿದ್ದೂ ಬೇಡ ಅನ್ನಲಿಲ್ಲ ನೋಡು ನನ್ನ ತಮ್ಮ," ಎಂದು ಎರಡು ಸಲ ಹೇಳಿದಳು. ಆಮೇಲೆ ನನ್ನ ಅಂಗೈಗೆ ಹರಳೆಣ್ಣೆ ಹಚ್ಚುತ್ತ, "ಲೇ, ಅವರು ಬಂದಾಗ ನೀರು ಚೆನ್ನಾಗಿದೆ ಅಂದ್ರೆ, ಇದು ಕಾಳಮ್ಮನ ಕೈ ಅಂತ ಒಂದು ಮಾತು ಹೇಳ್ತೀಯೇನೇ? ನಾನಂತೂ ಎದುರಿಗೆ ಬರೋ ಹಂಗಿಲ್ಲ," ಎಂದಳು. ಹೇಳ್ತೀನಿ ಅತ್ತೆ, ಎಂದೆ. ಬಾಯಿ ತುಂಬ ಎಂದೆ.

ಎದುರಿಗೆ ಬರುವ ಹಾಗಿಲ್ಲ ಎಂದರೆ, ಕಣ್ಣು ತೆರೆಯುವ ಶಾಸ್ತ್ರದ ದಿನ. ಮೂರ್ತಿಗೆ ಎಲ್ಲವೂ ಮುಗಿದ ಮೇಲೆ ಶಿಲ್ಪಿ ಕೊನೆಗೆ ಕಣ್ಣು ಬಿಡಿಸುತ್ತಾನೆ. ಅಲ್ಲಿಯವರೆಗೆ ಅದು ಕಲ್ಲು, ಆಮೇಲೆ ದೇವರು. ಕಡಲು ದಾಟಿ ಹೋಗಿ ಮಾಡಲಾಗದ್ದರಿಂದ ಇಲ್ಲೇ ಆದಿಶೇಷನ ಕಣ್ಣು ತೆರೆದು, ಬಟ್ಟೆ ಕಟ್ಟಿ ಕಳಿಸುವುದು ಎಂದಾಗಿತ್ತು. ಆ ಹೊತ್ತಿಗೆ ಮುತ್ತೈದೆಯರು ಆರತಿ ಹಿಡಿದು ಮುಂದೆ ನಿಲ್ಲಬೇಕು. ಗಂಡ ಸತ್ತವಳು ದೇವರ ಮೊದಲ ದೃಷ್ಟಿಗೆ ಬೀಳಬಾರದು. ಆ ದೇವರ ಕಾಲ ಕೆಳಗಿನ ಒಂದೊಂದು ಹನಿ ನೀರನ್ನೂ ಎಬ್ಬಿಸಿದವಳು ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತ ಇರಬೇಕು. ನನಗೆ ಇವತ್ತಿಗೂ ಆ ಶಾಸ್ತ್ರ ಬರೆದವನು ಎದುರು ಸಿಕ್ಕರೆ ಒನಕೆಯಲ್ಲೇ ಮಾತಾಡಿಸಬೇಕು ಎನ್ನಿಸುತ್ತದೆ.

ಕಾರ್ತೀಕದಲ್ಲಿ ಲಂಕೆಯವರು ಬಂದರು. ಮಾವ ಎದ್ದಿದ್ದರು, ಬಡವಾಗಿದ್ದರು, ರೇಷ್ಮೆ ಪಂಚೆ ಉಟ್ಟಿದ್ದರು. ಶಾಸ್ತ್ರ ಮುಗಿಯಿತು. ಆರತಿಯ ತಟ್ಟೆ ನನ್ನ ಕೈಯಲ್ಲಿತ್ತು. ಲಂಕೆಯವರು ಕಲ್ಲನ್ನು ಮೇಲಿಂದ ಕೆಳಗೆ ನೋಡುತ್ತ ಬಂದು, ನೀರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಅಂಗೈಯಿಂದ ಒಮ್ಮೆ ಸವರಿದರು. ಅವರು ಪೆದ್ದರಲ್ಲ.

"ಆಚಾರೀ, ಮೇಲಿನ ಕೈ ಬೇರೆ, ಕೆಳಗಿನ ಕೈ ಬೇರೆ. ಈ ನೀರು ಯಾರ ಕೈ?"

ಅಡುಗೆಮನೆಯಲ್ಲಿ ತಟ್ಟುವ ಸದ್ದು ನಿಂತಿತು. ಬಾಗಿಲ ಸಂದಿಯಲ್ಲಿ ಕಾಳತ್ತೆಯ ಒಂದು ಕಣ್ಣು ಕಂಡಿತು. ಅದು ಮಾವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿತ್ತು.

"ಎರಡೂ ನಂದೇ," ಎಂದರು ಮಾವ. "ಜ್ವರದಿಂದ ಎದ್ದ ಕೈ. ಒಂಚೂರು ಬೇರೆ ಕಾಣ್ತದೆ."

"ಈ ಕಂಬ?"

ಮಾವ ತುಸುವೂ ತಡವರಿಸಲಿಲ್ಲ. "ಅದು ಲಂಕೆಯ ಹೆಬ್ಬಾಗಿಲು."

ಊರಿನ ಹಿರಿಯರಿದ್ದರು. ಮಾವ ಇದ್ದರು. ನಾನು ಹೊಸ ಸೊಸೆ. ಈ ಸಬೂಬುಗಳನ್ನೆಲ್ಲ ನಾನು ಮೂವತ್ತು ವರ್ಷಕ್ಕೂ ಮೇಲೆ ಜೋಡಿಸಿ ಜೋಡಿಸಿ ನೋಡಿದ್ದೇನೆ. ನಿಜ ಇಷ್ಟೇ: ನಾನು ತುಟಿ ಪಿಟಕ್ ಎನ್ನಲಿಲ್ಲ. ಲಂಕೆಯವರು ಮಾವನಿಗೆ ಶಾಲು ಹೊದಿಸಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ.

ಗಾಡಿ ಹೊರಟುಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಕಾಳತ್ತೆ ಹೋಳಿಗೆ ಮಡಿಸಿಡುತ್ತಿದ್ದಳು. ನನ್ನ ಕಡೆ ತಿರುಗದೆ ಕೇಳಿದಳು: "ನಿನ್ನ ಬಾಯಲ್ಲೇನು ಅವಲಕ್ಕಿ ಇತ್ತೇನೇ?"

ಅಷ್ಟೇ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಬೈದಿದ್ದರೆ, ಎರಡು ಏಟು ಹಾಕಿದ್ದರೆ ನಾನು ಇಷ್ಟು ವರ್ಷ ಹೀಗೆ ಉರಿಯುತ್ತಿರಲಿಲ್ಲ. ಮಾರನೆಯ ದಿನ ಮಾವ ಸಣ್ಣ ಉಳಿಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. "ಅಕ್ಕಾ, ಆ ಗಣಪತಿ ಉಜ್ಜೋದಿದೆ," ಎಂದರು. ಕಾಳತ್ತೆ ಮರಳಿನ ಬುಟ್ಟಿ ತೆಗೆದುಕೊಂಡು ಹೋಗಿ ಉಜ್ಜಲು ಕೂತಳು.

ಯುದ್ಧದ ನಡುವೆ, ಊರಿನ ಒಬ್ಬಾತ ಪಟಾಲಮ್ಮಿನಿಂದ ರಜೆಗೆ ಬಂದಿದ್ದ. ಹಡಗಿನಲ್ಲಿ ಹೋಗಿ ಬಂದವನು. ಜಗಲಿಯಲ್ಲಿ ಕೂತು ಸಮುದ್ರದ ಸಂಗತಿ ಹೇಳುತ್ತಿದ್ದ. ಕಾಳತ್ತೆಗೆ ಆಗ ಕೆಮ್ಮು ಹಿಡಿದು ಎದ್ದು ಓಡಾಡುವ ಶಕ್ತಿ ಇರಲಿಲ್ಲ. ಒಳಗಿನಿಂದಲೇ ಕೂಗಿ ಕೇಳಿದಳು: "ಅಪ್ಪಾ, ಅದರ ತೂಬು ಯಾವ ಕಡೆ ಐತೆ?"

ಅವನು ಬಿದ್ದು ಬಿದ್ದು ನಕ್ಕ. "ಸಮುದ್ರಕ್ಕೆಂಥ ತೂಬು ಅಜ್ಜೀ! ಏರೀನೇ ಇಲ್ಲ. ನೀರೆಲ್ಲಾ ಉಪ್ಪು, ಯಾವ ಗದ್ದೆಗೆ ಬಿಡೋಕಾಗ್ತದೆ?"

ಕಾಳತ್ತೆ ಗೋಡೆ ಹಿಡಿದು ಎದ್ದು ಕೂತಳು. ಆಮೇಲೆ ನನ್ನನ್ನು ಕರೆದು, "ಹಂಗಾದ್ರೆ ತಪ್ಪು ಮಾಡ್ಬಿಟ್ಟೆನಲ್ಲೇ ಗೌನಿಪಲ್ಲಿ," ಎಂದಳು. "ದೇವರ ಕಲ್ಲಲ್ಲಿ ತಪ್ಪು ನಿಂತೋಯ್ತು. ನೋಡ್ದೋರು ಏನಂತಾರೋ. ನನ್ನ ತಮ್ಮ ತಾನೇ ಕೆತ್ತಿದ್ದು ಅಂದಿದ್ದು ಒಳ್ಳೇದೇ ಆಯ್ತು ಬಿಡು." ತನ್ನ ಹೆಸರು ಕದ್ದದ್ದನ್ನೂ ಕೊನೆಗೆ ಉಪಕಾರವೆಂದು ಒಪ್ಪಿಕೊಂಡಳು ಆ ತಾಯಿ. ರೇಷನ್ ಅಕ್ಕಿಗೆ ಸಾಲು ನಿಲ್ಲುತ್ತಿದ್ದ ಆ ವರ್ಷದ ಬೇಸಿಗೆಯಲ್ಲಿ ಅವಳು ಹೋದಳು.

ಇದೆಲ್ಲವನ್ನೂ ನಾನು ದ್ವೀಪದ ಆ ಮಂಟಪದಲ್ಲಿ, ಕಂಬಕ್ಕೆ ಒರಗಿ ನಿಂತು, ಶಾರದೆಗೆ ಹೇಳಿದೆ. ಗುಂಪು ಪ್ರಸಾದಕ್ಕೆ ಆಚೆ ಹೋಗಿತ್ತು. ಗೈಡು, ಅವನ ಸಮುದ್ರ, ಅವನ ಹೆಬ್ಬಾಗಿಲು, ಎಲ್ಲವನ್ನೂ ಬಾಯಿಗೆ ಬಂದಂತೆ ಬೈದೆ. ಶಾರದೆ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಅಮ್ಮಾ, ಆ ಹೆಬ್ಬಾಗಿಲು ತಾತ ಹೇಳಿದ್ದು ತಾನೇ? ಈ ಮನುಷ್ಯ ಕೇಳಿದ್ದನ್ನ ಹೇಳ್ತಾ ಇದ್ದಾನೆ. ಅವತ್ತು ನೀನ್ಯಾಕೆ ಹೇಳ್ಲಿಲ್ಲ?" ಎಂದಳು.

ಮಕ್ಕಳನ್ನು ಓದಿಸಿದರೆ ಇದೇ ಆಗುವುದು. ಕಂಬ ಬಿಟ್ಟು ಹೋಗಿ ಕಲ್ಲಿನ ಎದುರಿಗೇ, ಆದಿಶೇಷನ ಕಣ್ಣಿಗೆ ನೇರ ನಿಂತೆ. ನಾನೂ ಈಗ ಬೋಳುಹಣೆಯವಳು. ಯಾರೂ ಆಚೆ ಹೋಗು ಎನ್ನಲಿಲ್ಲ. ಹೊರಗಿನಿಂದ ನಿಜವಾದ ಸಮುದ್ರದ ಮೊರೆತ ಕೇಳುತ್ತಿತ್ತು. ಕಾಳತ್ತೆಯ ನೀರು ನನ್ನ ಮೊಣಕಾಲಿನ ಹತ್ತಿರ, ಅದೇ ಗಾಳಿಗೆ ಅದೇ ಕಡೆಗೆ ಓಡುತ್ತಿತ್ತು. ಕೊಕ್ಕರೆಯ ಕಾಲು ಜನರ ಕೈ ತಾಗಿ ಸವೆದಿತ್ತು.

ಅಷ್ಟರಲ್ಲಿ ಇನ್ನೊಂದು ಗುಂಪು ಒಳಗೆ ಬಂತು. ಮದನಪಲ್ಲಿ ಕಡೆಯ ರೈತರು, ಮಾತಿನ ಧಾಟಿಯಲ್ಲೇ ಗೊತ್ತಾಯಿತು. ನಮ್ಮ ಗೌನಿಪಲ್ಲಿಯಿಂದ ಎಷ್ಟು ಮಹಾ ದೂರ! ಗೈಡು ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮುಂಚೆ ಮುಂಡಾಸಿನ ಒಬ್ಬ ಮುದುಕ ಬಗ್ಗಿ ಆ ಮೂಲೆಯನ್ನು ನೋಡಿ, ಜೊತೆಯವನ ಹೆಗಲ ಮೇಲೆ ಹೊಡೆದ.

"ಒರೇ, ಇದಿ ತೂಮು ಕದರಾ! ಮನ ಚೆರುವು ತೂಮೇ!"

ಇದು ತೂಬಲ್ವೇನೋ, ನಮ್ಮ ಕೆರೆ ತೂಬೇ, ಎಂದು ಅವನ ಮುಖವೆಲ್ಲ ಅರಳಿತ್ತು. ಉಳಿದವರೂ ಬಗ್ಗಿದರು. ಒಬ್ಬ ಅಡ್ಡಪಟ್ಟಿ ತೋರಿಸಿದ, ಇನ್ನೊಬ್ಬ ಕೊರವ ಮೀನು ಗುರುತಿಸಿದ. ಊರುಬಿಟ್ಟು ಇಷ್ಟು ದೂರ ಬಂದವರು ಊರ ಕೆರೆ ಸಿಕ್ಕಿದಂತೆ ಆ ಕಲ್ಲಿನ ಸುತ್ತ ಮಾತಾಡತೊಡಗಿದರು. ಗೈಡು ಏನೋ ಹೇಳುತ್ತಲೇ ಇದ್ದ, ಯಾರೂ ಅವನ ಕಡೆ ನೋಡಲಿಲ್ಲ. ಮುದುಕ ಅಲೆಗಳ ಮೇಲೆ ಅಂಗೈ ಆಡಿಸಿ, ಪಕ್ಕದಲ್ಲಿ ನಿಂತಿದ್ದ ನನ್ನನ್ನು ಕೇಳಿದ.

"ಎವರಿ ಚೇತಿ ಪನಿ ಅಮ್ಮಾ ಇದಿ?"

ಯಾರ ಕೈಕೆಲಸ ತಾಯಿ ಇದು. ಮತ್ತೆ ಅದೇ ಪ್ರಶ್ನೆ, ಈ ಸಲ ನನ್ನ ತವರಿನ ಮಾತಿನಲ್ಲಿ.

"ಮಾ ಕಾಳತ್ತದಿ," ಎಂದೆ. ನಮ್ಮ ಕಾಳತ್ತೆಯದು. ಮುದುಕನಿಗೆ ಕಿವಿ ಮಂದವೋ ಏನೋ, ಇನ್ನೊಂದು ಸಲ ಕೇಳಿದ. ಮಂಟಪದ ಆ ತುದಿಯಲ್ಲಿದ್ದ ಗೈಡಿಗೂ ಕೇಳುವ ಹಾಗೆ ಕೂಗಿ ಹೇಳಿದೆ.